ಮಜ್ಜಿಗೆಯಲ್ಲಿ ಮರುಗ

ಮರುಗ ಮುಡಿಯುವ ಎಲೆ, ತಿನ್ನುವ ಎಲೆಯಲ್ಲ. ಕುಣಿಗಲ್‌ನ ನಮ್ಮ ಬೀದಿಯಲ್ಲಿ ಯಾರನ್ನು ಕೇಳಿದ್ದರೂ ಹಾಗೇ ಹೇಳುತ್ತಿದ್ದರು. ಕನಕಾಂಬರದ ನಡುವೆ ಒಂದೊಂದು ಕುಡಿ ಸೇರಿಸಿ ಕಟ್ಟಿದರೆ ಮಾರು ಹೂವೂ ಘಮ್ ಅನ್ನುತ್ತಿತ್ತು. ಅಮ್ಮ ಬಚ್ಚಲ ನೀರು ಹರಿಯುವ ಕಡೆ ಒಂದು ಗಿಡ ಹಾಕಿಕೊಂಡು ದಿನಾ ಮುಡಿಯುತ್ತಿದ್ದಳು.

ತೊಂಬತ್ತರ ದಶಕದ ಕೊನೆಗೆ ಅಪ್ಪ ತೀರಿಕೊಂಡ. ಬಳೆ, ಕುಂಕುಮದ ಜೊತೆ ಹೂವೂ ಹೋಯಿತು. ಗಿಡ ಕೀಳುವುದು ಮಾತ್ರ ಯಾರಿಗೂ ನೆನಪಾಗಲಿಲ್ಲ. ಅಮ್ಮ ಅದಕ್ಕೊಂದು ದಾರಿ ಕಂಡುಕೊಂಡಳು. ಮಧ್ಯಾಹ್ನದ ಮಜ್ಜಿಗೆಗೆ ನಾಲ್ಕು ಎಲೆ ಅಂಗೈಯಲ್ಲಿ ಹೊಸಕಿ ಹಾಕಿ, ಲೋಟವನ್ನು ಸ್ವಲ್ಪ ಹೊತ್ತು ಮೂಗಿನ ಹತ್ತಿರ ಹಿಡಿದು, ಆಮೇಲೆ ಕುಡಿಯುತ್ತಿದ್ದಳು. ನನಗೋ ನಾಚಿಕೆ. ಹತ್ತನೇ ಕ್ಲಾಸಿನ ಹುಡುಗಿಗೆ ಯಾವುದಕ್ಕೆ ನಾಚಿಕೆ ಇರುವುದಿಲ್ಲ ಹೇಳಿ!

"ತಲೆಗೆ ಮುಡಿಯೋದನ್ನ ಯಾರಾದ್ರೂ ಕುಡೀತಾರೇನಮ್ಮ? ಯಾರ ಮುಂದೇನೂ ಹೇಳ್ಬೇಡ" ಎಂದಿದ್ದೆ.

"ಆಯ್ತು ಬುಡೇ" ಎಂದಿದ್ದಳು.

ಅಪ್ಪನ ವರ್ಷದ ತಿಥಿಗೆ ಒಂದು ದಿನ ಮೊದಲೇ ಗುಬ್ಬಿಯಿಂದ ಅವನ ಅಕ್ಕ, ನನ್ನ ಸೋದರತ್ತೆ ಬಂದಳು. ಅಮ್ಮ ಆಗತಾನೆ ಮಜ್ಜಿಗೆ ಕುಡಿದಿದ್ದಳು. ಅತ್ತೆ ಅಡುಗೆಮನೆಗೆ ಕಾಲಿಟ್ಟವಳೇ ಮೂಗರಳಿಸಿ, "ಏನೇ, ಮರುಗ ಮುಡ್ದಿದೀಯಾ? ವರ್ಷ ತುಂಬೋವರ್ಗೂ ತಡ್ಯಕ್ಕಾಗ್ಲಿಲ್ವಾ?" ಎಂದಳು.

ತಿಥಿಗೆಂದು ಬಂದಿದ್ದ ನೆಂಟರೆಲ್ಲ ತಿರುಗಿದರು. ಅಮ್ಮ ನನ್ನ ಮುಖ ನೋಡಿದಳು. ಯಾರ ಮುಂದೆಯೂ ಹೇಳಬೇಡ ಎಂದವಳು ನಾನೇ ತಾನೆ? ತಲೆ ತಗ್ಗಿಸಿ ಅವರೆಕಾಯಿ ಸುಲಿಯುತ್ತ ಕೂತೆ. ಅಮ್ಮ ತುರುಬು ಬಿಚ್ಚಿ, ಅಷ್ಟು ಜನರ ಎದುರು ಕೂದಲು ಕೊಡವಿ ತೋರಿಸಿದಳು. ಒಂದು ಎಲೆಯೂ ಬೀಳಲಿಲ್ಲ.

"ಎಲ್ಲೋ ಬಚ್ಚಿಟ್ಟಿರ್ತೀಯ ಬುಡು" ಎಂದಳು ಅತ್ತೆ.

ತಿಥಿ ಮುಗಿದ ಮಾರನೇ ದಿನ ಸ್ಕೂಲಿನಿಂದ ಬಂದು ನೋಡಿದರೆ ಬಚ್ಚಲ ಹಿಂದೆ ಬರೀ ಗುಂಡಿ. ಗಿಡ ತಿಪ್ಪೆಯಲ್ಲಿತ್ತು. ಆಮೇಲೆ ಅಮ್ಮ ಮಜ್ಜಿಗೆಯನ್ನು ಔಷಧಿ ಕುಡಿಯುವವರ ಹಾಗೆ ಗಟಗಟ ಕುಡಿದು ಲೋಟ ತೊಳೆದಿಡುತ್ತಿದ್ದಳು.

ಹತ್ತು ವರ್ಷದ ಮೇಲೆ ತುಮಕೂರಿನ ನನ್ನ ಬಾಡಿಗೆ ಮನೆಯಲ್ಲಿ ಅಮ್ಮನೂ ಹೋದಳು. ಹನ್ನೊಂದನೇ ದಿನ ಎಡೆಗೆ ಅವಳಿಗೆ ಇಷ್ಟವಾದದ್ದನ್ನೆಲ್ಲ ಇಡಬೇಕಲ್ಲ, ಹೂವಿನ ಮಾರ್ಕೆಟ್‌ನಿಂದ ಒಂದು ಕಟ್ಟು ಮರುಗ ತಂದು ಮಜ್ಜಿಗೆಗೆ ಹೊಸಕಿದೆ. ಅತ್ತೆಗೆ ಆಗಲೇ ಕಣ್ಣು ಮಂಜು, ಮೂಗು ಮಾತ್ರ ಚುರುಕು.

"ಎಡೇಲಿ ಮರುಗ ಯಾಕೇ?"

"ಅಮ್ಮ ಮಜ್ಜಿಗೆಗೆ ಹಾಕ್ಕೊಂಡು ಕುಡೀತಿದ್ಲು ಅತ್ತೆ. ಅವತ್ತೂ ಕುಡ್ದಿದ್ಲು. ಮುಡ್ದಿರ್ಲಿಲ್ಲ."

ಹತ್ತು ವರ್ಷ ಅತ್ತೆಯನ್ನು ಮನಸ್ಸಿನಲ್ಲೇ ಬೈದುಕೊಂಡು ಬಂದವಳು ನಾನು. ಅವತ್ತು ಎದುರಿಗೇ ಬೈಯಲು ಸಿದ್ಧವಾಗಿದ್ದೆ. ಅತ್ತೆ ಲೋಟವನ್ನೇ ನೋಡುತ್ತ ಕೂತಿದ್ದಳು.

"ನಿಂಗೊತ್ತಿತ್ತಾ?" ಎಂದಳು. "ಮತ್ತೆ ಅವತ್ತೇ ಯಾಕೇ ಬಾಯಿ ಬಿಡ್ಲಿಲ್ಲ?"