ತಲೆಯ ಪರೀಕ್ಷೆಗೆ ಬಾಯಿಪಾಠ

ಬಾಯಿಪಾಠದಲ್ಲಿ ನನ್ನನ್ನು ಮೀರಿಸುವವರು ಇಳಕಲ್‌ನ ನಮ್ಮ ಓಣಿಯಲ್ಲಿ ಯಾರೂ ಇರಲಿಲ್ಲ. ಶ್ರಾವಣದಲ್ಲಿ ಮಕ್ಕಳಿಗೆ ವಚನ ಸ್ಪರ್ಧೆ ಇಟ್ಟರೆ ಬಹುಮಾನದ ಸ್ಟೀಲ್ ಡಬ್ಬಿ ನಮ್ಮ ಮನೆಗೇ ಬರುತ್ತಿತ್ತು. ಅವ್ವ ಅವುಗಳಲ್ಲಿ ಬೇಳೆ, ಸಾಸಿವೆ ತುಂಬಿಟ್ಟಿದ್ದಾಳೆ. ವಚನದ ಅರ್ಥ ಕೇಳಿದರೆ ಮಾತ್ರ ತಬ್ಬಿಬ್ಬಾಗುತ್ತಿದ್ದೆ. ಈ ವಿದ್ಯೆ ಮುಂದೆ ರಗ್ಬಿ ಮೈದಾನದಲ್ಲಿ ನನ್ನನ್ನು ಮುಳುಗಿಸಲು ಬರುತ್ತದೆಂದು ಯಾರಿಗೆ ಗೊತ್ತಿತ್ತು?

ರಗ್ಬಿ ನನ್ನ ಉದ್ಯೋಗ. ಊರಲ್ಲಿ ಇದನ್ನು ಹೇಳಿ ಹೇಳಿ ನನಗೆ ಸಾಕಾಗಿದೆ.

"ಅಂದ್ರ ಕಬಡ್ಡಿನ ಏನವಾ?"

"ಅಲ್ರಿ, ಚಂಡ ಇರತೈತಿ."

"ಚಂಡ ಹಿಡಕೊಂಡು ಕಬಡ್ಡಿ ಆಡತೀರೇನು?"

ಸಿಟ್ಟು ಬರುತ್ತಿತ್ತು. ಆದರೆ ಅವರು ಹೇಳುವುದು ಪೂರ್ತಿ ಸುಳ್ಳೂ ಅಲ್ಲ. ಹುನಗುಂದದ ಹೈಸ್ಕೂಲಿನಲ್ಲಿ ನಾನು ಕಬಡ್ಡಿಯ ಮೂಲೆಯಲ್ಲಿ ನಿಂತು, ಒಳಗೆ ಬಂದವಳ ಪಾದಕ್ಕೆ ಬಿದ್ದು ಹಿಡಿಯುತ್ತಿದ್ದೆ. ಬಾಗಲಕೋಟೆಯ ಕಾಲೇಜಿನಲ್ಲಿ ಆಟದ ಮಾಸ್ತರರು ಬದನೆಕಾಯಿಯಂಥ ಚೆಂಡೊಂದನ್ನು ಕೈಗಿತ್ತಾಗ, ಓಡಿಬರುವವಳನ್ನು ಕೆಡವುವುದು ನನಗೇನೂ ಹೊಸದಾಗಿರಲಿಲ್ಲ. ಒಂದೇ ದೋಷವಿತ್ತು. ಕಬಡ್ಡಿಯಲ್ಲಿ ಹಿಡಿಯುವಾಗ ತಲೆ ಎಲ್ಲಿದ್ದರೂ ನಡೆಯುತ್ತದೆ. ರಗ್ಬಿಯಲ್ಲಿ ತಲೆ ಓಡಿಬರುವವಳ ಬೆನ್ನಿನ ಕಡೆಗೇ ಇರಬೇಕು. ಮುಂದೆ ಹೋಯಿತೆಂದರೆ ಅವಳ ಮೊಣಕಾಲು ನೆಟ್ಟಗೆ ನಿಮ್ಮ ಕಿವಿಗೆ ಬಡಿಯುತ್ತದೆ. ಕೋಚ್‌ಗಳು ಬೈದು ಬೈದು ತಿದ್ದಿದರು. ದಣಿದಾಗ ಮಾತ್ರ ಹಳೆಯ ಚಾಳಿ ಮರಳುತ್ತಿತ್ತು.

ಆ ವರ್ಷ ಹೆಣ್ಣುಮಕ್ಕಳಿಗೂ ಸಂಬಳ ಕೊಡುವ ಲೀಗ್ ಶುರುವಾಗುವುದಿತ್ತು. ಪುಣೆಯಲ್ಲಿ ಶಿಬಿರ. ನನಗೆ ಇಪ್ಪತ್ತೇಳು. ಈ ಸಲ ಹೆಸರು ಬರದಿದ್ದರೆ ಮುಂದಿನ ಸಲಕ್ಕೆ ಹತ್ತೊಂಬತ್ತರ ಹುಡುಗಿಯರು ನನ್ನನ್ನು ದಾಟಿ ಓಡಿಹೋಗಿರುತ್ತಾರೆ ಎಂಬುದು ಗೊತ್ತಿತ್ತು. ಆ ಹುಡುಗಿಯರಲ್ಲಿ ಒಬ್ಬಳು ಬಾದಾಮಿಯವಳು. ಶಿಬಿರದಲ್ಲಿ ನಮ್ಮ ಮಾತು ಆಡುವವರು ನಾವಿಬ್ಬರೇ, ಹೀಗಾಗಿ ಅಕ್ಕಾ ಅಕ್ಕಾ ಎಂದು ಹಿಂದೆಯೇ ಇರುತ್ತಿದ್ದಳು. ಅವಳು ಆಡುತ್ತಿದ್ದುದು ನನ್ನದೇ ಜಾಗದಲ್ಲಿ. ಪ್ರೀತಿಯೂ ಇತ್ತು, ಅವಳ ಓಟ ಕಂಡರೆ ಹೊಟ್ಟೆಕಿಚ್ಚೂ ಆಗುತ್ತಿತ್ತು.

ತಲೆಗೆ ಪೆಟ್ಟು ಬಿದ್ದವರಿಗೆ ನಮ್ಮಲ್ಲಿ ಒಂದು ಪರೀಕ್ಷೆ ಇದೆ. ಫಿಜಿಯೋ ಪಕ್ಕಕ್ಕೆ ಕರೆದು ಹತ್ತು ಪದ ಓದುತ್ತಾರೆ, ತಿರುಗಿ ಹೇಳಬೇಕು. ಡಿಸೆಂಬರ್‌ನಿಂದ ಹಿಂದಕ್ಕೆ ತಿಂಗಳು ಎಣಿಸಬೇಕು. ತಡವರಿಸಿದರೆ ವಾರಗಟ್ಟಲೆ ಆಟ ಬಂದ್. ಪದಗಳ ಪಟ್ಟಿ ಪ್ರತಿ ಸಲ ಬೇರೆಯಾಗಿರಬೇಕು. ನಮ್ಮ ಫಿಜಿಯೋ ಒಳ್ಳೆಯ ಹೆಂಗಸು, ಆದರೆ ಗಡಿಬಿಡಿಯವರು. ಯಾವಾಗಲೂ ಮೊದಲ ಹಾಳೆಯನ್ನೇ ಓದುತ್ತಿದ್ದರು. ಕಂಬಳಿ, ನಿಂಬೆ, ಬೆರಳು, ಕುದುರೆ... ಶಿಬಿರದ ಮೊದಲ ದಿನ ಎಲ್ಲರಿಗೂ ಒಮ್ಮೆ ಆ ಪರೀಕ್ಷೆ ಮಾಡಿದರು. ಅಂದೇ ಸಂಜೆ ಅದು ನನಗೆ ವಚನದಂತೆ ಬಾಯಿಗೆ ಬಂದಿತ್ತು. ತಿಂಗಳುಗಳನ್ನೂ ಹಿಂದಿನಿಂದ ಉಸಿರು ಬಿಡದೆ ಹೇಳುತ್ತಿದ್ದೆ. ಬಾದಾಮಿಯ ಹುಡುಗಿಯ ಮುಂದೆ ಜಂಬ ಕೊಚ್ಚಿಕೊಂಡೆ.

"ನನ್ನ ತಲಿ ಒಡದು ಎರಡು ಹೋಳಾದ್ರೂ ಈ ಪರೀಕ್ಷೆದಾಗ ಪಾಸು ನಾ."

ಆಯ್ಕೆಯ ಕೊನೆಯ ಪಂದ್ಯದಲ್ಲಿ, ಇನ್ನೆರಡು ನಿಮಿಷ ಉಳಿದಿರುವಾಗ, ದಣಿದ ನಾನು ಕಬಡ್ಡಿ ಆಡಿಬಿಟ್ಟೆ. ಕಾಲಿಗೆ ಬಿದ್ದೆ, ತಲೆ ಮುಂದೆ ಹೋಯಿತು. ಮುಂದಿನದು ನೆನಪಿರುವುದು ಹುಲ್ಲಿನ ವಾಸನೆಯಿಂದ. ಫಿಜಿಯೋ ಓಡಿಬಂದು ಹತ್ತು ಪದ ಓದಿದರು. ಹೇಳಿದೆ. ತಿಂಗಳು ಕೇಳಿದರು. ಹೇಳಿದೆ. ಎದುರು ತಂಡ ಯಾವುದು ಎಂದರು. ಆ ಗಳಿಗೆಯಲ್ಲಿ ಅದು ನನಗೆ ಗೊತ್ತಿರಲಿಲ್ಲ. ಎದುರಿಗೆ ಕೆಂಪು ಅಂಗಿ ಕಂಡಿತು, ಊಹಿಸಿ ಹೇಳಿದೆ, ಸರಿಯಾಯಿತು. ಅವರು ನನ್ನ ಭುಜ ತಟ್ಟಿ ಕಳಿಸಿದರು. ಮರುದಿನ ಪಟ್ಟಿಯಲ್ಲಿ ನನ್ನ ಹೆಸರಿತ್ತು. ಬಾದಾಮಿಯವಳ ಹೆಸರು ಮೀಸಲು ಆಟಗಾರ್ತಿಯರಲ್ಲಿತ್ತು. ನಾಲ್ಕು ದಿನ ರಜೆ, ಬಳಿಕ ಬಂದು ಸಹಿ ಮಾಡಬೇಕು ಎಂದರು.

ಊರಿಗೆ ಬಂದೆ. ಮನೆಯ ಮುಂದಿನ ಕೋಣೆಯಲ್ಲಿ ಅವ್ವನ ಮಗ್ಗ. ಹುಟ್ಟಿದಾಗಿನಿಂದ ಕೇಳಿದ ಅದರ ಸದ್ದು ಈ ಸಲ ನೇರ ಹಣೆಗೆ ಬಡಿಯುತ್ತಿತ್ತು. ಕಿಟಕಿಯ ಬೆಳಕಿಗೆ ಕಣ್ಣು ಬಿಡಲಾಗಲಿಲ್ಲ. ಪ್ರಯಾಣದ ದಣಿವು ಎಂದು ನನಗೆ ನಾನೇ ಹೇಳಿಕೊಂಡೆ. ಮಾತಿನ ನಡುವೆ ಏನು ಹೇಳಹೊರಟಿದ್ದೆ ಎಂಬುದು ತಪ್ಪಿಹೋದಾಗ ಕೆಮ್ಮಿ ಹಾರಿಸಿದೆ. ಒಳಗೆ ಮಾತ್ರ ಅಂಜಿಕೆ ಬೆಳೆಯುತ್ತಿತ್ತು. ಎರಡನೆಯ ದಿನ ಮಧ್ಯಾಹ್ನ ತಡೆಯಲಾಗದೆ ನನ್ನನ್ನು ನಾನೇ ಪರೀಕ್ಷಿಸಿಕೊಳ್ಳಬೇಕೆಂದು ಅವ್ವನ ಮುಂದೆ ನಿಂತೆ. ಚಿಕ್ಕವಳಿದ್ದಾಗ ನನಗೆ ಮೊದಲ ಡಬ್ಬಿ ತಂದುಕೊಟ್ಟ ಉದ್ದನೆಯ ವಚನವನ್ನು, ಕೈಮುಗಿದುಕೊಂಡು, ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಒಂದಕ್ಷರ ತಪ್ಪಲಿಲ್ಲ. ಜೀವ ಬಂದಂತಾಯಿತು.

"ನೋಡಿದ್ಯಾ ಬೇ? ನನ್ನ ತಲಿ ಹೆಂಗೈತಿ?"

ಅವ್ವ ಲಾಳಿಯನ್ನು ಕೈಯಲ್ಲೇ ಹಿಡಿದು ನನ್ನನ್ನು ನೋಡಿದಳು.

"ಛಲೋ ಅಂದಿ. ಮುಂಜಾನೆ ಜಳಕಾ ಮಾಡಿ ಬಂದು ಇದನ್ನ ಅಂದಿದ್ದೆಲ್ಲವಾ."

"ನಾನಾ?"

"ಇಲ್ಲೇ ನಿಂತು ಅಂದಿ. ಇದನ್ನೂ ಕೇಳಿದಿ, ನನ್ನ ತಲಿ ಹೆಂಗೈತಿ ಅಂತ."

ಅವಳು ಚೇಷ್ಟೆ ಮಾಡುತ್ತಿದ್ದಾಳೆ ಎಂದುಕೊಂಡೆ. ಅವ್ವನ ಮುಖದಲ್ಲಿ ನಗೆ ಇರಲಿಲ್ಲ. ಬೆಳಿಗ್ಗೆಯನ್ನು ಎಷ್ಟು ಹುಡುಕಿದರೂ ನನಗೆ ಸಿಗಲಿಲ್ಲ. ಅಲ್ಲೇ ನೆಲಕ್ಕೆ ಕೂತು ಅಳುತ್ತ ಪೆಟ್ಟಿನ ವಿಷಯ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿಯಿಂದ ಎದ್ದು ಬಂದು ಸೀರೆ ಬದಲಿಸಿದಳು, ನನ್ನನ್ನು ಬಸ್ಸು ಹತ್ತಿಸಿ ಬಾಗಲಕೋಟೆಯ ದವಾಖಾನೆಗೆ ಕರೆದುಕೊಂಡು ಹೋದಳು.

ಸ್ಕ್ಯಾನಿನಲ್ಲಿ ರಕ್ತಸ್ರಾವ ಕಾಣಲಿಲ್ಲ. ಆದರೆ ಡಾಕ್ಟರು, ಪೂರ್ತಿ ಗುಣವಾಗುವ ಮೊದಲು ಇನ್ನೊಂದು ಪೆಟ್ಟು ಬಿದ್ದರೆ ಬದುಕಿಗೇ ಅಪಾಯ, ಸದ್ಯ ಆಟದ ಮಾತೇ ಬೇಡ ಎಂದರು. ಕಾಗದದಲ್ಲೂ ಬರೆದುಕೊಟ್ಟರು.

ಬಸ್‌ಸ್ಟ್ಯಾಂಡಿನಲ್ಲಿ ಆ ಕಾಗದ ನನ್ನ ಚೀಲದಲ್ಲಿತ್ತು. ಪುಣೆಯಲ್ಲಿ ಯಾರಿಗೂ ಗೊತ್ತಿಲ್ಲ. ಹರಿದು ಒಗೆದರೆ ಮುಗಿಯಿತು. ನಾಡಿದ್ದು ಹೋಗಿ ಸಹಿ ಮಾಡಬಹುದು. ಎಂಟು ವರ್ಷ ಓಡಿದ್ದು ಆ ಒಂದು ಸಹಿಗೆ. ಅವ್ವನ ಮುಖ ನೋಡಿದೆ. ಆಡಬೇಡ ಎಂದು ಅವಳು ಹೇಳಿದ್ದರೆ ಜಗಳವಾದರೂ ಆಡುತ್ತಿದ್ದೆ.

"ಆಡಬ್ಯಾಡ ಅನ್ನೂದಿಲ್ಲ ನಾ. ಮನಿಗೆ ಬಂದಾಗ ನನ್ನ ಗುರ್ತಾ ಹಿಡಿ, ಅಷ್ಟ ಸಾಕು," ಎಂದಳು.

ಅಲ್ಲಿಂದಲೇ ಫಿಜಿಯೋಗೆ ಫೋನ್ ಮಾಡಿದೆ. ತಲೆನೋವು, ಮರೆವು, ಡಾಕ್ಟರ ಮಾತು, ಎಲ್ಲ ಹೇಳಿದೆ. ಬಾಯಿಪಾಠದ ವಿಷಯ ಮಾತ್ರ ಹೇಳಲಿಲ್ಲ. ಮೋಸಗಾತಿ ಅನ್ನಿಸಿಕೊಂಡರೆ ಮುಂದೆಂದೂ ಕರೆಯಲಾರರು ಎಂಬ ಭಯ. ಅವರು ಪರೀಕ್ಷೆಯಲ್ಲಿ ಇದೆಲ್ಲ ಹೇಗೆ ತಿಳಿಯಲಿಲ್ಲವೋ, ತನ್ನದೇ ತಪ್ಪೋ ಏನೋ ಎಂದು ಪೇಚಾಡಿಕೊಂಡರು. ನಾನು ಅದನ್ನೂ ಕೇಳಿಕೊಂಡು ತೆಪ್ಪಗಿದ್ದೆ. ನನ್ನ ಜಾಗಕ್ಕೆ ಬಾದಾಮಿಯ ಹುಡುಗಿಯನ್ನು ಕರೆದರು.

ಲೀಗಿನ ಮೊದಲ ಪಂದ್ಯದ ಹಿಂದಿನ ದಿನ ಅವಳ ಫೋನ್ ಬಂತು. ಹಾರೈಕೆ ಕೇಳಲು ಇರಬೇಕು ಎಂದುಕೊಂಡೆ, ಮನಸ್ಸು ಗಟ್ಟಿ ಮಾಡಿಕೊಂಡು ಎತ್ತಿದೆ.

"ಅಕ್ಕಾ, ಸಿಟ್ಟಾಗಬ್ಯಾಡ. ಆ ಹತ್ತು ಪದಾ ಕಳಸತೀಯೇನು? ನಾಳಿಗೆ ಏನರ ಆದ್ರ ಇರಲಿ ಅಂತ."

ಬೈಯಬೇಕೆನ್ನಿಸಿತು. ಯಾವ ಬಾಯಿಂದ ಬೈಯಲಿ? ಆ ವಯಸ್ಸಿನಲ್ಲಿ ನನಗೆ ಯಾರಾದರೂ ಬುದ್ಧಿ ಹೇಳಿದ್ದರೆ ನಕ್ಕು ಫೋನ್ ಇಡುತ್ತಿದ್ದೆ.

"ನನಗ ನೆನಪಿಲ್ಲ," ಎಂದೆ.

"ಏನಂದಿ? ನಿನಗ?"

"ಹೂಂ. ಮರತೀನಿ."

ಹಾಸ್ಟೆಲಿನ ಹುಡುಗಿಯರ ನಗು ಹಿಂದೆಲ್ಲೋ ಕೇಳುತ್ತಿತ್ತು. ಅವಳು ಮೆಲ್ಲಗೆ ಕೇಳಿದಳು.

"ಖರೇನ ಅಷ್ಟು ಪೆಟ್ಟಾಗೇತೇನಕ್ಕ ನಿನಗ?"

"ಆಗೇತಿ."

ಅವಳು ಹೆದರಿದ್ದಳು. ಸಮಾಧಾನ ಮಾಡಲಿಲ್ಲ ನಾನು. ಅವಳು ಫೋನ್ ಇಟ್ಟ ಮೇಲೆ ಫಿಜಿಯೋಗೆ ಫೋನ್ ಹಚ್ಚಿದೆ. ನಾಳೆ ಆ ಮೊದಲ ಹಾಳೆ ಓದಬೇಡಿ, ಬೇರೆ ಪಟ್ಟಿ ಒಯ್ಯಿರಿ ಎಂದೆ. ಯಾಕೆ ಎಂದು ಅವರು ಕೇಳಿದರು. ಕಣ್ಣು ಮುಚ್ಚಿಕೊಂಡು ಹತ್ತೂ ಪದಗಳನ್ನು ಕ್ರಮವಾಗಿ, ಒಂದೂ ತಪ್ಪದೆ, ಹೇಳಿದೆ.