ಬೀಗರ ಮೊಮ್ಮಗನ ತೂಕ

ಬೆಳಗಿನ ಆರು ಗಂಟೆ. ಬಸವನ ಬಾಗೇವಾಡಿ ಕಡೆಯ ಹಳ್ಳಿಯೊಂದರ ಅಂಗನವಾಡಿ ಮುಂದೆ ಸುಮಿತ್ರಾಬಾಯಿ ತೂಕದ ಯಂತ್ರ ಇಳಿಸುತ್ತಾರೆ. ಮಕ್ಕಳು ಅಳುತ್ತವೆ, ಅಜ್ಜಿಯರು ಸರದಿಗಾಗಿ ಜಗಳ ತೆಗೆಯುತ್ತಾರೆ. "ಕಾಲಾನ ಕಡಗ ತಗೀರಿ ಯವ್ವಾ, ನನಗ ಕೂಸಿನ ತೂಕ ಬೇಕು, ಬೆಳ್ಳಿದಲ್ಲ," ಎಂದು ಇವರು ಗಂಟಲು ಹರಿದುಕೊಂಡರೂ ಕಡಗ ತೆಗೆಯುವವರು ಕಡಿಮೆ.

ಸಂಶೋಧನಾ ಸಂಸ್ಥೆಯೊಂದಕ್ಕೆ ಮನೆಮನೆ ತಿರುಗಿ ಮಾಹಿತಿ ತರುವುದು ಇವರ ಕೆಲಸ. ವರದಿಯ ಮೇಲೆ ಹೆಸರು ದೊಡ್ಡವರದು, ಬಿಸಿಲು ಮಾತ್ರ ಇವರದು. ಹೋದ ವರ್ಷದ ಪ್ರಶ್ನೆ ಸರಳವಾಗಿತ್ತು: ದಿನಕ್ಕೊಂದು ಶೇಂಗಾದುಂಡಿ ತಿಂದರೆ ಮಗುವಿನ ತೂಕ ಏರುತ್ತದೆಯೇ? ಸಿಂದಗಿ ಕಡೆಯ ಒಂದು ಊರಿಗೆ ಉಂಡಿ, ಹೋಲಿಸಿ ನೋಡಲು ಆರಿಸಿದ ಈ ಊರಿಗೆ ಬರೀ ತೂಕ. ಹೊಲ, ಹೈನು, ತಾಯಂದಿರ ಓದು ಎಲ್ಲವೂ ಸರಿಸಮ ಇರುವ ಜೋಡಿ ಊರು ಹುಡುಕಲು ಸುಮಿತ್ರಾಬಾಯಿ ಇಂಡಿಯಿಂದ ಮುದ್ದೇಬಿಹಾಳದವರೆಗೆ ಚಪ್ಪಲಿ ಸವೆಸಿದ್ದರು. ಉಂಡಿಯ ಗುಣ ಕಂಡರೆ ಮುಂದೆ ಎಲ್ಲ ಊರಿಗೂ ಉಂಡಿ, ಕಾಣದಿದ್ದರೆ ಯಾರಿಗೂ ಇಲ್ಲ.

ಎಲ್ಲವನ್ನೂ ಅಳೆದವರು ಬೀಗತನ ಅಳೆಯಲು ಮರೆತರು. ಇಲ್ಲಿನ ಅರ್ಧ ಸೊಸೆಯಂದಿರ ತವರು ಆ ಉಂಡಿಯ ಊರೇ. ಒಂದು ದಿನ ಸಿದ್ದವ್ವ ಎಂಬ ಅಜ್ಜಿ ಬಿಸಿ ರೊಟ್ಟಿ ಬಡಿಸಿ, ನಮ್ಮ ಬೀಗರ ಮೊಮ್ಮಗ ಎಷ್ಟು ತೂಗುತ್ತಾನೆ ಎಂದು ಮೆಲ್ಲಗೆ ಕೇಳಿದರು. ಹೇಳಬಾರದ ಮಾತು ಅದು. ಆದರೆ ಉಂಡ ಮನೆಯಲ್ಲಿ ಸುಳ್ಳಾಡುವುದು ಹೇಗೆ? ನಿಮ್ಮವನಿಗಿಂತ ತುಸು ಭಾರ ಎಂದು ಇವರು ಬಾಯಿಬಿಟ್ಟರು.

"ಬೀಗರ ಮುಂದ ನಮ್ಮ ಕೂಸು ಹಗುರ ಆಗಬೇಕೇನು? ನಮ್ಮ ಮನ್ಯಾಗ ಶೇಂಗಾ ಇಲ್ಲೇನು?" ಎಂದರು ಸಿದ್ದವ್ವ. ಅಷ್ಟೇ ಸಾಕಾಯಿತು. ಮನೆಮನೆಯಲ್ಲೂ ಶೇಂಗಾ ಕುಟ್ಟುವ ಸದ್ದು, ಉಂಡಿಯ ಮೇಲೆ ತುಪ್ಪ ಬೇರೆ. ಮುಂದಿನ ತೂಕಕ್ಕೆ, ಉಂಡಿ ಕೊಡದ ಊರೇ ಮುಂದೆ!

ಸಂಶೋಧಕಿ ಪ್ರಜ್ಞಾ ತಲೆಯ ಮೇಲೆ ಕೈಹೊತ್ತು ಕುಳಿತರು. ಉಂಡಿಯಿಂದ ಪ್ರಯೋಜನವಿಲ್ಲ ಎಂದೇ ಬರೆಯಬೇಕಿತ್ತು. ಸುಮ್ಮನಿದ್ದರೆ ಸುಮಿತ್ರಾಬಾಯಿಯ ಕೆಲಸಕ್ಕೆ ಧಕ್ಕೆಯಿರಲಿಲ್ಲ, ಮಕ್ಕಳ ಉಂಡಿಗೆ ಮಾತ್ರ ಕಲ್ಲು ಬೀಳುತ್ತಿತ್ತು. ಇವರು ಸಿದ್ದವ್ವನ ಮನೆಯಲ್ಲಿ ನಡೆದದ್ದನ್ನೆಲ್ಲ ಹೇಳಿದರು. "ಉಂಡಿದೇನೂ ತಪ್ಪಿಲ್ರಿ ಮೇಡಮ್, ತಪ್ಪು ನನ್ನ ಬಾಯಿದು. ಹಂಗ ಬರೀರಿ," ಎಂದುಬಿಟ್ಟರು.

ಪ್ರಜ್ಞಾ ಚೆನ್ನಾಗಿ ಬೈದರು, ಕೆಲಸದಿಂದ ತೆಗೆಯಲಿಲ್ಲ. ಈಗ ಚಡಚಣ ಕಡೆ ಹೊಸ ಜೋಡಿ ಊರುಗಳಲ್ಲಿ ಅಧ್ಯಯನ ಮತ್ತೆ ಮೊದಲಿನಿಂದ ನಡೆದಿದೆ. ಮೊದಲ ಪ್ರಶ್ನೆಯೇ, ಜೋಡಿಯ ಇನ್ನೊಂದು ಊರಲ್ಲಿ ಬೀಗರಿದ್ದಾರೆಯೇ ಎಂಬುದು.

ಹಳೆಯ ಊರಿನ ಅಜ್ಜಿಯರು ಮಾತ್ರ ಸುಮಿತ್ರಾಬಾಯಿಯನ್ನು ಬಿಟ್ಟಿಲ್ಲ. ಹೀಗಾಗಿ ಆಗಾಗ ರಜೆಯ ದಿನ, ಸಂಸ್ಥೆ ಕೇಳದ ಈ ತೂಕ. ಸಿದ್ದವ್ವನ ಮೊಮ್ಮಗನನ್ನು ಎರಡೂ ಕೈಯಿಂದ ಎತ್ತುವಾಗ ಇವರಿಗೆ ಏದುಸಿರು.

"ಈ ಊರು ಈಗ ಲೆಕ್ಕದಾಗ ಇಲ್ರಿ," ಎನ್ನುತ್ತಾರೆ. "ಆದ್ರ ಇಷ್ಟು ಭಾರಾದ ಕೂಸು ನನ್ನ ಕೈಗೆ ಬ್ಯಾರೆ ಎಲ್ಲೂ ಸಿಕ್ಕಿಲ್ಲ."