ಮಾಬುಬೀ ಹೊಲಿದ ದನಿ

ಬೆಳಗಿನ ಐದೂವರೆ. ಬಳ್ಳಾರಿಯ ಕೌಲ್ ಬಜಾರಿನ ಈ ಓಣಿಯಲ್ಲಿ ಇನ್ನೂ ಯಾರೂ ಎದ್ದಂತಿಲ್ಲ. ಮಾಬುಬೀ ತಮ್ಮ ಮನೆಯ ಮುಂದಿನ ಕೋಣೆಯ ಕಿಟಕಿ ಮುಚ್ಚಿ, ಅದರ ಮೇಲೆ ಎರಡು ಕೌದಿ ಇಳಿಬಿಡುತ್ತಾರೆ. ಫ್ಯಾನ್ ಆರಿಸುತ್ತಾರೆ, ಅಡುಗೆಮನೆಯ ಫ್ರಿಜ್ಜಿನ ವೈರನ್ನೂ ಕಿತ್ತಿಡುತ್ತಾರೆ. ಕುರುಗೋಡಿನಿಂದ ನಿನ್ನೆ ಸಂಜೆಯೇ ಬಂದು ಇಲ್ಲೇ ಉಂಡು ಮಲಗಿದ್ದ ಸೋಬಾನೆ ಹೆಂಗಸರು ಚಾಪೆಯ ಮೇಲೆ ಮೈಕಿನ ಸುತ್ತ ಕೂತಿದ್ದಾರೆ. ಅವರಲ್ಲಿ ಹಿರಿಯರಾದ ದಾಕ್ಷಾಯಣಮ್ಮನ ಕೈತುಂಬ ಹಸಿರು ಬಳೆ.

"ಬಳಿ ಮ್ಯಾಲಕ್ಕ ಏರಿಸಿ ಸೆರಗು ಸುತ್ತಿಗಳ್ರಿ ಅಮ್ಮಾ. ಇಲ್ಲಾಂದ್ರ ಮೈಕು ನಿಮ್ಮ ಪದ ಬಿಟ್ಟು ಬಳಿ ಸದ್ದೇ ಹಿಡೀತೈತಿ," ಎನ್ನುತ್ತಾರೆ ಮಾಬುಬೀ.

"ಬಳಿ ಸದ್ದಿಲ್ಲದ ಸೋಬಾನ ಎಲ್ಲಿ ಕೇಳಿಯವ್ವಾ?" ಎಂದು ದಾಕ್ಷಾಯಣಮ್ಮ ಗೊಣಗುತ್ತಲೇ ಸೆರಗು ಸುತ್ತಿಕೊಳ್ಳುತ್ತಾರೆ.

ಮಾತಿಗೆ ಹೆಚ್ಚು ಹೊತ್ತಿಲ್ಲ. ಎಂಟಾಯಿತೆಂದರೆ ಓಣಿಯ ಮನೆಮನೆಯಲ್ಲೂ ಜೀನ್ಸ್ ಹೊಲಿಯುವ ಮಷೀನುಗಳು ಗುರ್ ಎನ್ನುತ್ತವೆ. ಆಮೇಲೆ ಇಲ್ಲಿ ಹಾಡು ಹಿಡಿಯುವುದು ಕನಸಿನ ಮಾತು.

ಒಂದು ಕಾಲಕ್ಕೆ ಮಾಬುಬೀಯೂ ಇದೇ ಕೋಣೆಯಲ್ಲಿ ಪ್ಯಾಂಟುಗಳಿಗೆ ಜೇಬು ಹೊಲಿಯುತ್ತಿದ್ದವರು. ಗಂಡ ಬಡೇಸಾಬ ಮದುವೆ ಮುಂಜಿಗಳಿಗೆ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಾರೆ. ಮೊಹರಮ್ಮಿಗೆ ಅಲಾಯಿ ಪದ ಹಾಡುವವರೊಬ್ಬರು "ನಮ್ಮ ಪದ ತುಂಬಿಕೊಡ್ರಿ" ಎಂದು ಗಂಟು ಬಿದ್ದಾಗ, ಮೈಕು ಇತ್ತು, ರೆಕಾರ್ಡ್ ಮಾಡಿ ತುಂಬುವವರಿರಲಿಲ್ಲ. "ಮಷೀನು ಗ್ವಾಡಿಗೆ ಸರಿಸಿ, ಯಾರೋ ವಾಪರಿಸಿ ಬಿಟ್ಟ ಹಳೇ ಕಂಪ್ಯೂಟರ್ ತಂದಿಟ್ವಿ. ಅದು ಕೆಟ್ಟಾಗೆಲ್ಲ ನಾನು ಒಂದೊಂದು ಕಲ್ತೆ. ಬಾಳ ಸಲ ಕೆಡ್ತಿತ್ತು ನೋಡ್ರಿ," ಎಂದು, ತಮ್ಮ ಬಗ್ಗೆ ಬರೆಯಲು ಬಂದ ನನಗೆ ಹೇಳಿ ನಗುತ್ತಾರೆ.

ಭಜನೆ, ಸೋಬಾನೆ, ಅಲಾಯಿ ಪದ, ದೊಡ್ಡಾಟ. ಸಿರುಗುಪ್ಪದ ಕಡೆಯ ಹಳ್ಳಿಗಳಲ್ಲಿ ಮೊಬೈಲಿನಿಂದ ಮೊಬೈಲಿಗೆ ಹಾರುವ ಎಷ್ಟೋ ಹಾಡುಗಳು ಈ ಕೌದಿಗಳ ನಡುವೆ ಹುಟ್ಟಿದವು. ಎಲ್ಲೂ ಇವರ ಹೆಸರಿಲ್ಲ.

ಹೋದ ವರ್ಷ ಹಳೆಯ ಕಂಪ್ಯೂಟರ್ ಹಾಡಿನ ನಡುವೆಯೇ ಸ್ತಬ್ಧವಾಗತೊಡಗುತ್ತದೆ. ಹೊಸದು ಮನೆಗೆ ಬರುತ್ತದೆ. ಮಾಬುಬೀ ಎಲ್ಲವನ್ನೂ ಅದಕ್ಕೆ ಸಾಗಿಸುತ್ತಾರೆ. ದನಿಯ ತುಣುಕುಗಳೆಲ್ಲ ಸುರಕ್ಷಿತವಾಗಿ ಬಂದಿವೆ. ಆದರೆ ಯಾವ ತುಣುಕಿನ ಹಿಂದೆ ಯಾವುದು ಬರಬೇಕು ಎಂಬ ಜೋಡಣೆಯನ್ನು ಹೊಸ ಸಾಫ್ಟ್‌ವೇರ್ ಓದುವುದೇ ಇಲ್ಲ. ಹಳೆಯದರಲ್ಲಿ ನೋಡೋಣವೆಂದು ಗುಂಡಿ ಒತ್ತಿದರೆ ಅದು ಮತ್ತೆ ಉಸಿರೆತ್ತುವುದಿಲ್ಲ.

ಮುಗಿದ ಹಾಡುಗಳಿಗೆ ತೊಂದರೆಯಿಲ್ಲ. ಅರ್ಧಕ್ಕೆ ನಿಂತದ್ದು ಒಂದೇ, ಸಿರಿಗೇರಿಯ ಎರ್ರಿಸ್ವಾಮಿಯವರ ದೊಡ್ಡಾಟ. ಇಡೀ ಆಟವನ್ನು ಹಿಂದೆ ನಿಂತು ಹಾಡಿ ನಡೆಸುವ ಸಾರಥಿ ಅವರು. ಮುಂದಿನವರು ಕಲಿಯಲೆಂದು ಎಲ್ಲ ಪದಗಳನ್ನೂ ಇಲ್ಲಿ ಹಾಡಿಟ್ಟಿದ್ದರು. ಜೋಡಿಸಿ ಮುಗಿಸುವ ಮೊದಲೇ ಅವರಿಗೆ ಗಂಟಲಿನ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಅವರ ಜಾಗದಲ್ಲಿ ನಿಲ್ಲಲು ಕಲಿಯುತ್ತಿರುವ ಮಗಳು ಅಕ್ಷಿತಾಗೆ ಇರುವ ಗುರು ಆ ತುಣುಕುಗಳು ಮಾತ್ರ. ಬಂದು ಕೇಳಿ ಜೋಡಿಸಿಕೊಡಿ ಎಂದರೆ ಎರ್ರಿಸ್ವಾಮಿ ಕೈಯಾಡಿಸಿಬಿಡುತ್ತಾರೆ. ಹೋದ ದನಿಯನ್ನು ಕೇಳುವ ಧೈರ್ಯ ಅವರಿಗಿಲ್ಲ.

ಜೀನ್ಸ್ ಹೊಲಿಯುವವರು ಕತ್ತರಿಸಿದ ಚೂರನ್ನು ಎಸೆಯುವುದಿಲ್ಲ, ಮೂಟೆ ಕಟ್ಟಿಡುತ್ತಾರೆ. ಹೊಲಿಗೆ ಬಿಟ್ಟರೂ ಮಾಬುಬೀಗೆ ಆ ಚಾಳಿ ಬಿಟ್ಟಿಲ್ಲ. ಹಾಡಿನಿಂದ ಕತ್ತರಿಸಿದ ಕೆಮ್ಮು, ಮಾತುಗಳನ್ನೆಲ್ಲ 'ಚಿಂದಿ' ಎಂದು ಹೆಸರಿಟ್ಟು ಕಂಪ್ಯೂಟರಿನ ಒಂದು ಮೂಲೆಯಲ್ಲಿ ಇಟ್ಟಿದ್ದರು. ಹುಡುಕುತ್ತ ಹುಡುಕುತ್ತ ಅದನ್ನು ತೆರೆಯುತ್ತಾರೆ. ರಂಗದ ರೂಢಿಯಂತೆ ಎರ್ರಿಸ್ವಾಮಿ ಪ್ರತಿ ಪದಕ್ಕೂ ಮುಂಚೆ "ಈಗ ರಾಣಿ ಬರ್ತಾಳ", "ಮಂತ್ರಿ, ಮುಂದಕ್ಕ ಬಾರಪ್ಪಾ" ಎಂದು ಕೂಗಿ ಹೇಳಿದ್ದಾರೆ. ಹಾಡಿಗೆ ಬೇಡವೆಂದು ತೆಗೆದ ಮಾತುಗಳಲ್ಲೇ ಇಡೀ ಆಟದ ದಾರಿಯಿದೆ.

"ಚಿಂದಿ ತುದಿಗೆ ಅರ್ಧ ಉಸಿರು ಇರ್ತೈತ್ರಿ, ಪದದ ತಲಿಗೆ ಇನ್ನರ್ಧ. ಎರಡೂ ಸೇರಿ ಒಂದು ಉಸಿರಾತು ಅಂದ್ರ ಅದೇ ಜಾಗ ಅಂತ ಅರ್ಥ." ಹೀಗೆ ಉಸಿರಿಗೆ ಉಸಿರು ಕೂಡಿಸುತ್ತ ಅವರು ಇಡೀ ಮಳೆಗಾಲ ಕೂತಿದ್ದಾರೆ. ಒಂದು ಜೋಡಿಸಿ ನನಗೆ ಕೇಳಿಸುತ್ತಾರೆ. ಎಲ್ಲಿ ಕೂಡಿದೆಯೆಂದು ಎಷ್ಟು ಕಿವಿಗೊಟ್ಟರೂ ಗೊತ್ತಾಗುವುದಿಲ್ಲ, ಮೈ ಜುಮ್ಮೆನ್ನುತ್ತದೆ. ಇಷ್ಟು ತಾಳ್ಮೆಯನ್ನು ನಾನು ಹತ್ತಿರದಿಂದ ಕಂಡದ್ದು ಇದೇ ಮೊದಲು.

ಸೋಬಾನೆಯವರು ಹೊರಟ ಮೇಲೆ ಅಕ್ಷಿತಾ ಬರುತ್ತಾಳೆ. ಜೊತೆಯಲ್ಲಿ ಎರ್ರಿಸ್ವಾಮಿ, ಕೊರಳಿಗೆ ಬಿಳಿ ವಸ್ತ್ರ. ಮಗಳ ಒತ್ತಾಯಕ್ಕೆ ಬಸ್ ಹತ್ತಿದ್ದಾರೆ, ಒಳಗೆ ಮಾತ್ರ ಬರಲೊಲ್ಲರು. ಹೊಸ್ತಿಲ ಹೊರಗೇ ಗೋಡೆಗೆ ಒರಗಿ ಕೂರುತ್ತಾರೆ.

"ಅಲ್ಲೇ ಕುಂದುರ್ರಿ ಅಣ್ಣಾ, ಬಾಗ್ಲ ತೆರದೇ ಇರ್ತೈತಿ," ಎಂದು ಮಾಬುಬೀ ಮೊದಲ ಪದ ಬಿಡುತ್ತಾರೆ. ಕಂಚಿನಂಥ ದನಿ ಓಣಿಗೆ ಹರಿಯುತ್ತದೆ. ಎರ್ರಿಸ್ವಾಮಿ ತಲೆ ಎತ್ತುವುದಿಲ್ಲ. ಎರಡನೆಯ ಪದಕ್ಕೆ ಅವರ ಬೆರಳುಗಳು ಮೊಣಕಾಲ ಮೇಲೆ ತಾಳ ಹಾಕುತ್ತಿವೆ. ಮೂರನೆಯದಕ್ಕೆ ಅವರು ಹೊಸ್ತಿಲು ದಾಟಿ ಒಳಗೆ ಬಂದು ಕೂತಿದ್ದಾರೆ.

ಆ ಪದ ಮುಗಿಯುತ್ತದೆ. ಆಮೇಲೆ ಅದೇ ದನಿ, ಹಾಡಿನದಲ್ಲ, ಮನೆಯ ಮಾತಿನದು: "ಅಕ್ಷಿತಾ, ನೀರು ತಗಂಬಾರವ್ವ."

ಅಕ್ಷಿತಾ "ಬಂದೆ ಅಪ್ಪಾ" ಎಂದು ಎದ್ದೇಬಿಡುತ್ತಾಳೆ. ಅಡುಗೆಮನೆಯ ಬಾಗಿಲಲ್ಲಿ ತಂಬಿಗೆ ಹಿಡಿದು, ಯಾರು ಕರೆದರೆಂಬುದು ಹೊಳೆದು ನಿಂತುಬಿಡುತ್ತಾಳೆ. ಎರ್ರಿಸ್ವಾಮಿ ಕೈ ಚಾಚುತ್ತಾರೆ. ಅವಳು ತಂದುಕೊಟ್ಟ ನೀರನ್ನು ನಿಧಾನವಾಗಿ, ಪೂರ್ತಿ ಕುಡಿಯುತ್ತಾರೆ. ನನ್ನ ಕಣ್ಣು ಒದ್ದೆಯಾಗಿದೆ, ಮುಚ್ಚಿಡುವುದೇನಿಲ್ಲ.

ಓಣಿಯಲ್ಲಿ ಮಷೀನುಗಳು ಶುರುವಾಗಿವೆ. ಮಾಬುಬೀ ಕಿಟಕಿಯ ಕೌದಿ ಮಡಚುತ್ತ ನನ್ನೊಬ್ಬನಿಗೇ ಕೇಳುವಂತೆ ಹೇಳುತ್ತಾರೆ: "ಆ ನೀರು ಕೇಳಿದ ಮಾತನ್ನೂ ಕತ್ತರಿಸಿ ಹಾಕಿದ್ದೆ ಸಾರ್. ಈಗ ಅದರ ಜಾಗಕ್ಕ ಅದನ್ನ ಕುಂದ್ರಿಸೀನಿ. ಇನ್ನ ಮ್ಯಾಲೆ ಹಾಡಾಕ ಬಂದವರ ಮಾತು ಒಂದೂ ತೆಗೆಯಂಗಿಲ್ಲ."